ಒಂದು ಕಾಟ್ಲಾ, ಎರಡು ಗಾಳ

ಮೀನು ಹಿಡಿಯುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಅರ್ಧ ದಿನ ನಿಲ್ಲಿಸದೆ ಮಾತಾಡಬಲ್ಲೆ. ಗಾಳಿ ಯಾವ ಕಡೆಯಿಂದ ಬೀಸಿದರೆ ಕೆರೆಯ ಯಾವ ದಡದಲ್ಲಿ ಕೂರಬೇಕು, ನಮ್ಮ ನೆರಳು ನೀರಿನ ಮೇಲೆ ಬೀಳದಂತೆ ಹೇಗೆ ಸರಿದುಕೊಳ್ಳಬೇಕು, ಜಿಲೇಬಿ ಮೀನಿಗೆ ಎರೆಹುಳು ಯಾಕೆ ಇಷ್ಟ, ಕಾಟ್ಲಾಗೆ ಹಿಟ್ಟಿನುಂಡೆ ಯಾಕೆ ಇಷ್ಟ, ಕೊರವ ಮೀನು ಗಾಳ ಕಚ್ಚಿದಾಗ ಯಾಕೆ ತಕ್ಷಣ ಎಳೆಯದೆ ಒಂದು ಉಸಿರು ಕಾಯಬೇಕು, ಮಳೆ ಬಂದು ಹೊಸ ನೀರು ಸೇರಿದಾಗ ತೂಬಿನ ಹತ್ತಿರ ಕೂರುವುದು ಲೇಸೋ ಕೋಡಿಯ ಹತ್ತಿರ ಕೂರುವುದು ಲೇಸೋ, ಎಲ್ಲವೂ ನನಗೆ ಗೊತ್ತು. ಇಷ್ಟೆಲ್ಲ ಗೊತ್ತಿದ್ದೂ ಮೀನು ಮಾತ್ರ ನನಗೆ ಸಿಕ್ಕುವುದಿಲ್ಲ. ನನಗೆ ಗೊತ್ತಿರುವುದೆಲ್ಲ ಮೀನಿಗೂ ಗೊತ್ತಿದೆಯೋ ಏನೋ. ವಿಜಯನಗರದ ನಮ್ಮ ಬೀದಿಯಲ್ಲಿ, ಭಾನುವಾರ ಬೆಳಿಗ್ಗೆ ನಾನು ಗಾಳದ ಕೋಲು ಹಿಡಿದು ಹೊರಡುವುದನ್ನು ನೋಡಿದವರು ಮಧ್ಯಾಹ್ನ ಬರಿಗೈಯಲ್ಲಿ ಬರುವುದನ್ನೂ ನೋಡುತ್ತಾರೆ. ಮೊದಮೊದಲು "ಏನ್ ಸಾರ್, ಸಿಕ್ತಾ?" ಎಂದು ಕೇಳಿ ನಗುತ್ತಿದ್ದರು. ಈಗ ಕೇಳುವುದನ್ನು ಬಿಟ್ಟಿದ್ದಾರೆ. ಸಾವಿನ ಮನೆಯಿಂದ ಬಂದವನನ್ನು ನೋಡುವ ಹಾಗೆ ನೋಡಿ ಸುಮ್ಮನೆ ತಲೆಯಾಡಿಸುತ್ತಾರೆ. ಆ ನಗುವೇ ವಾಸಿಯಿತ್ತು.

ಈ ಗೀಳನ್ನು ನನಗೆ ಅಂಟಿಸಿದವನು ಪುಟ್ಟಸ್ವಾಮಿ. ನಾವಿಬ್ಬರೂ ಒಂದೇ ಆಫೀಸಿನಲ್ಲಿ ಅಕ್ಕಪಕ್ಕದ ಮೇಜಿನಲ್ಲಿ ಕೂತು ತಲೆ ನರೆಸಿಕೊಂಡವರು, ಮಧ್ಯಾಹ್ನದ ಡಬ್ಬಿಯನ್ನು ಒಟ್ಟಿಗೇ ಬಿಚ್ಚುವವರು. ಅವನಿಗೆ ನಾನು ಕಿಟ್ಟಿ. ಕೃಷ್ಣಪ್ಪ ಎಂಬ ನನ್ನ ಪೂರ್ತಿ ಹೆಸರನ್ನು ಅವನ ಬಾಯಲ್ಲಿ ನಾನು ಕೇಳಿದ್ದೇ ಇರಲಿಲ್ಲ. ಅವನ ಮನೆ ಹಳೇ ಕೆಂಗೇರಿಯಲ್ಲಿ. ಅವನ ತಂದೆ ಹುಡುಗರಾಗಿದ್ದಾಗ ವೃಷಭಾವತಿಯಲ್ಲಿ ಗೆಂಡೆ ಮೀನು ಹಿಡಿಯುತ್ತಿದ್ದರಂತೆ, ಬಾಯಾರಿದರೆ ಆ ನೀರನ್ನೇ ಬೊಗಸೆಯಲ್ಲಿ ಕುಡಿಯುತ್ತಿದ್ದರಂತೆ. ಮೈಸೂರು ರಸ್ತೆಯಲ್ಲಿ ಮೂಗು ಮುಚ್ಚಿಕೊಂಡು ಆ ಹೊಳೆಯನ್ನು ದಾಟುವ ನಾವು ಈ ಮಾತನ್ನು, ಪುರಾಣದಲ್ಲಿ ಹಾಲಿನ ಸಮುದ್ರ ಬಂದಾಗ ಹೇಗೆ ನಂಬುತ್ತೇವೋ ಹಾಗೆ ನಂಬಿದ್ದೆವು. ಕೈಲಾಗುವವರೆಗೂ ಆ ಹಿರಿಯರು ಗಾಳ ಬಿಡಲಿಲ್ಲ. ಹೊಳೆ ಹಾಳಾದ ಮೇಲೆ ಕೆರೆ, ಆ ಕೆರೆ ಕೆಟ್ಟ ಮೇಲೆ ಅದರಾಚೆಯ ಕೆರೆ, ಹೀಗೆ ಊರು ಮುಂದೆ ಮುಂದೆ ಬಂದಂತೆಲ್ಲ ಅವರು ಹಿಂದೆ ಹಿಂದೆ ಸರಿಯುತ್ತ ಹೋದರು. ಹೋದ ವರ್ಷ ಯುಗಾದಿ ಕಳೆದ ಮೇಲೆ ತೀರಿಕೊಂಡರು. ಮಣ್ಣಿಗೆ ನಾನೂ ಹೋಗಿದ್ದೆ.

ನಾನು ಮತ್ತು ಪುಟ್ಟಸ್ವಾಮಿ ಮೊದಲು ಗಾಳ ಹಾಕಿದ್ದು ನಗರದೊಳಗಿನ ಒಂದು ಕೆರೆಯಲ್ಲಿ. ಕೋಲು ಚಾಚಿ ಇನ್ನೂ ಸರಿಯಾಗಿ ಕೂತಿರಲಿಲ್ಲ, ವಾಕಿಂಗ್ ಬಂದಿದ್ದ ಒಬ್ಬರು ನಿಂತು, ಬೇಲಿಯ ಮೇಲಿನ ಬೋರ್ಡು ತೋರಿಸಿ, "ಸಾರ್, ಇಲ್ಲಿ ಹಿಡಿಯಂಗಿಲ್ಲ. ಹಿಡಿದ್ರೂ ತಿನ್ನಂಗಿಲ್ಲ" ಎಂದರು. ಮೀನುಗಾರಿಕೆಯ ಬಗ್ಗೆ ಇಷ್ಟು ಸ್ಪಷ್ಟವಾದ ಸಲಹೆ ನನಗೆ ಆಮೇಲೆ ಯಾರಿಂದಲೂ ಸಿಕ್ಕಿಲ್ಲ. ಅಲ್ಲಿಂದ ಎದ್ದವರು ಮಾಗಡಿ ರಸ್ತೆ ಹಿಡಿದು, ತಾವರೆಕೆರೆ ದಾಟಿ, ಒಳಗೊಳಗೆ ಹೋಗಿ ಇನ್ನೊಂದು ಕೆರೆ ಹುಡುಕಿಕೊಂಡೆವು. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ಬರುವ ಭಾನುವಾರ ನೀವೂ ಬರುತ್ತೀರಿ. ಆ ಕೆರೆಯನ್ನು ಗುತ್ತಿಗೆ ಹಿಡಿದವರು ಬಲೆ ಬೀಸುವವರನ್ನು ಅಟ್ಟಿಸಿಕೊಂಡು ಬರುತ್ತಾರೆ, ಗಾಳದವರನ್ನು ಮಾತ್ರ ಏನೂ ಅನ್ನುವುದಿಲ್ಲ. ನಮ್ಮಂಥವರಿಂದ ತಮ್ಮ ಮೀನಿಗೆ ಅಪಾಯವಿಲ್ಲ ಎಂದು ಅವರಿಗೆ ನಮ್ಮನ್ನು ನೋಡಿದ ಕೂಡಲೇ ಗೊತ್ತಾಗಿತ್ತು.

ಕೆಲಸ ಹಂಚಿಕೊಂಡಿದ್ದೆವು. ಪುಟ್ಟಸ್ವಾಮಿಗೆ ಗಾಡಿ ಓಡಿಸಲು ಬರುವುದಿಲ್ಲ. ಅವನು ಕೆಂಗೇರಿಯಿಂದ ಮೆಟ್ರೋ ಹತ್ತಿ ವಿಜಯನಗರದಲ್ಲಿ ಇಳಿಯುತ್ತಿದ್ದ, ಅಲ್ಲಿಂದ ನನ್ನ ಸ್ಕೂಟರು. ಹಿಂದೆ ಕೂತು ಎರಡೂ ಕೋಲುಗಳನ್ನು ನೆಟ್ಟಗೆ ಹಿಡಿದುಕೊಂಡರೆ ನಾವು ಯಾವುದೋ ಪಕ್ಷದ ಬಾವುಟ ಕಳೆದುಕೊಂಡ ಕಾರ್ಯಕರ್ತರ ಹಾಗೆ ಕಾಣುತ್ತಿದ್ದೆವು. ನನಗೆ ಚಾಳೀಸು. ತಂಗೂಸಿಯ ಆ ಸಣ್ಣ ದಾರಕ್ಕೆ ಗಾಳ ಪೋಣಿಸಿ ಗಂಟು ಹಾಕುವುದು ನನ್ನ ಕಣ್ಣಿಗೂ ಬೆರಳಿಗೂ ಆಗದ ಕೆಲಸ. ಅದನ್ನು ಅವನೇ ಮಾಡಿ ಕೊಡುತ್ತಿದ್ದ. ಹಿಟ್ಟಿನುಂಡೆ ನನ್ನ ಹೆಂಡತಿ ಜಯಾಳದು. ರಾಗಿ ಹಿಟ್ಟು, ಕಡಲೆಕಾಯಿ ಹಿಂಡಿ, ಬೆಲ್ಲ, ಚಿಟಿಕೆ ಏಲಕ್ಕಿ. "ಇದನ್ನ ನಾನು ಮಕ್ಕಳಿಗೂ ಮಾಡ್ಕೊಟ್ಟಿರ್ಲಿಲ್ಲ" ಎನ್ನುತ್ತಲೇ ಉಂಡೆ ಕಟ್ಟಿ ಕೊಡುತ್ತಿದ್ದಳು. ಕೆರೆ ದಂಡೆಯಲ್ಲಿ ಪುಟ್ಟಸ್ವಾಮಿಯ ಮೊದಲ ನಿಯಮ, ಮಾತಾಡಬಾರದು. ಈ ನಿಯಮದ ಮಹತ್ವವನ್ನು ಅವನು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನನಗೆ ವಿವರಿಸುತ್ತಿದ್ದ. ಅವನಿಗೆ ಅಪರೂಪಕ್ಕೆ ಬೆರಳುದ್ದದ ಜಿಲೇಬಿ ಸಿಗುತ್ತಿತ್ತು. ಅದರ ಮುಖ ನೋಡಿ ಇಬ್ಬರಿಗೂ ಪಾಪ ಅನ್ನಿಸಿ ನೀರಿಗೇ ಬಿಡುತ್ತಿದ್ದೆವು. ನನಗೆ ಸಿಕ್ಕಿದ್ದೆಂದರೆ ಒಮ್ಮೆ ಯಾರದ್ದೋ ಹವಾಯಿ ಚಪ್ಪಲಿ, ಅದೂ ಎಡಗಾಲಿನದು.

ಆ ಭಾನುವಾರ ಆಷಾಢದ ಕೊನೆ. ಗಾಳಿ ಜೋರಾಗಿತ್ತು, ಮಧ್ಯೆ ಮಧ್ಯೆ ಹನಿ ಬೀಳುತ್ತಿತ್ತು. ದಂಡೆಯಲ್ಲಿ ಇದ್ದದ್ದು ಒಂದೇ ಜಾಲಿಮರ, ಅದರಡಿಯಲ್ಲಿ ಇಬ್ಬರೂ ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದೆವು. ಗಾಳಿಗೆ ನಮ್ಮ ದಾರಗಳೂ ಹಾಗೇ ಹತ್ತಿರ ಹೋಗಿದ್ದವು. ಇದ್ದಕ್ಕಿದ್ದಂತೆ, ದಾರಕ್ಕೆ ಕಟ್ಟಿ ತೇಲಬಿಟ್ಟಿದ್ದ ಬೆಂಡುಗಳು ನೀರಿನ ಮೇಲೆ ಕಾಣಲಿಲ್ಲ. ಒಂದಲ್ಲ, ಎರಡೂ. ಯಾವುದು ಮೊದಲು ಮುಳುಗಿತು ಎಂದು ಕೇಳಬೇಡಿ, ಮುಂದಿನ ಅನಾಹುತವೆಲ್ಲ ಅದರದೇ. ಇಬ್ಬರೂ ಎದ್ದು ನಿಂತೆವು, ಇಬ್ಬರೂ ಎಳೆದೆವು. ಕೋಲುಗಳು ಬಿಲ್ಲಿನ ಹಾಗೆ ಬಗ್ಗಿದವು. ನೀರಿನಿಂದ ಮೇಲೆದ್ದದ್ದು ತೋಳುದ್ದದ ಕಾಟ್ಲಾ. ಅದು ಅತ್ತಿತ್ತ ಓಡಿದ ರಭಸಕ್ಕೆ ನಮ್ಮ ದಾರಗಳು ಜಡೆ ಹೆಣೆದ ಹಾಗೆ ಹೆಣೆದುಕೊಂಡಿದ್ದವು. ದಡಕ್ಕೆ ತಂದಾಗ ನೋಡಿದರೆ ಒಂದು ಗಾಳ ಅದರ ತುಟಿಯಲ್ಲಿದೆ, ಇನ್ನೊಂದು ರೆಕ್ಕೆಯಲ್ಲಿ ಸಿಕ್ಕಿಕೊಂಡಿದೆ. ಕೆಸರಿನಲ್ಲಿ ಜಾರಿ ಅದು ಮತ್ತೆ ನೀರಿಗೆ ಹೊರಟಿತ್ತು. ನಾನು ಹಿಂದೆ ಮುಂದೆ ನೋಡದೆ ಮೀನಿನ ಮೇಲೆ ಬಿದ್ದುಬಿಟ್ಟೆ. ಪುಟ್ಟಸ್ವಾಮಿ ಆ ಸಿಕ್ಕುಸಿಕ್ಕು ದಾರಗಳನ್ನು ಹಲ್ಲಿನಲ್ಲಿ ಕಡಿದ. ಎರಡೂ ಗಾಳ ಒಂದೇ ಅಂಗಡಿಯವು, ಒಂದೇ ಪೊಟ್ಟಣದವು. ದಾರವೂ ಒಂದೇ ಉರುಳೆಯದು. ಕಡಿದಾದ ಮೇಲೆ ತುಟಿಯಲ್ಲಿದ್ದದ್ದು ಯಾರದು, ರೆಕ್ಕೆಯಲ್ಲಿದ್ದದ್ದು ಯಾರದು ಎಂದು ಹೇಳುವ ಯಾವ ದಾರಿಯೂ ಉಳಿಯಲಿಲ್ಲ.

ಆಗ ಅದು ನಮ್ಮಿಬ್ಬರಿಗೂ ಬೇಕಾಗಿರಲಿಲ್ಲ. ಕೆಸರಿನಲ್ಲಿ ಕೂತು ನಗುತ್ತಿದ್ದೆವು. "ಹಿಡಿದ್ವಿ ಕಣೋ ಕಿಟ್ಟಿ" ಎಂದ ಪುಟ್ಟಸ್ವಾಮಿ. ಗಮನಿಸಿ, ಹಿಡಿದ್ವಿ. ಬಹುವಚನ. ಆ ಬಹುವಚನ ಸುಂಕದಕಟ್ಟೆಯವರೆಗೆ ಉಳಿಯಿತು. ಅಲ್ಲಿ ಟೀ ಕುಡಿಯಲು ನಿಂತೆವು. ಗೋಣಿಚೀಲದಿಂದ ಹೊರಬಂದ ಬಾಲವನ್ನು ನೋಡಿ ಟೀ ಅಂಗಡಿಯವರು, "ಭಾರಿ ಮೀನು. ಯಾರ್ ಸಾರ್ ಹಿಡಿದಿದ್ದು?" ಎಂದು ಕೇಳಿದರು.

"ನಾನು" ಎಂದೆವು ಇಬ್ಬರೂ, ಒಟ್ಟಿಗೆ.

ಟೀ ಅಂಗಡಿಯವರು ನಕ್ಕರು. ನಾವು ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ನನ್ನ ಬೆಂಡು ಮೊದ್ಲು ಮುಳುಗ್ತು ಕಣೋ" ಎಂದೆ ನಾನು, ಇನ್ನೂ ಮೃದುವಾಗಿ.

"ನಿನ್ ಬೆಂಡನ್ನ ನನ್ ದಾರ ಎಳ್ಕೊಂಡು ಹೋಯ್ತು. ನಿನ್ ಗಾಳ ರೆಕ್ಕೆಗೆ ಸಿಕ್ಕಿದ್ದು. ಹಿಡಿದಿದ್ದು ನಾನು."

"ನಾನು ಮೇಲೆ ಬೀಳ್ದೇ ಇದ್ದಿದ್ರೆ ಅದು ನೀರಿಗೆ ಹೋಗಿರ್ತಿತ್ತು."

"ಮೇಲೆ ಬೀಳೋದಕ್ಕೆ ಹಿಡಿಯೋದು ಅಂತಾರಾ?"

ಇಂಥ ಮಾತು ಟೀಯ ಜೊತೆ ಮುಗಿಯಬೇಕು. ನಮ್ಮದು ಮುಗಿಯಲಿಲ್ಲ. ಅವನ ಪಾಲಿಗೆ ಆ ಮೀನು ಏನೆಂದು ನನಗೆ ಆಗ ಗೊತ್ತಿರಲಿಲ್ಲ, ನನ್ನ ಪಾಲಿಗೆ ಏನೆಂದು ಮಾತ್ರ ಚೆನ್ನಾಗಿ ಗೊತ್ತಿತ್ತು. ಅದು ನನ್ನ ಜೀವಮಾನದ ಮೊದಲ ಮೀನು. ನಮ್ಮ ಬೀದಿಯವರ ಆ ಅನುಕಂಪಕ್ಕೆ ನನ್ನ ಹತ್ತಿರ ಇದ್ದ ಒಂದೇ ಉತ್ತರ. ಸುಂಕದಕಟ್ಟೆಯಿಂದ ವಿಜಯನಗರದವರೆಗೆ ಸ್ಕೂಟರಿನ ಮೇಲೆ ನಮ್ಮ ನಡುವೆ ಮೀನು ಇತ್ತು. ಮನೆ ಬಾಗಿಲಲ್ಲಿ ಇಳಿದವನು ಕೋಲುಗಳನ್ನು ಗೋಡೆಗೆ ಒರಗಿಸಿ, ಅಂಗಿ ಸರಿಮಾಡಿಕೊಂಡು ಹೇಳಿದ: "ಕೃಷ್ಣಪ್ಪನವರೇ, ಮೀನು ಸದ್ಯಕ್ಕೆ ನಿಮ್ಮನೇಲಿರ್ಲಿ. ಮೆಟ್ರೋದಲ್ಲಿ ತಗೊಂಡು ಹೋಗೋಕಾಗಲ್ಲ. ಆದ್ರೆ ಯಾರದ್ದು ಅಂತ ತೀರ್ಮಾನ ಆಗೋವರೆಗೂ ಬೇಯಿಸ್ಬೇಡಿ."

ಕೃಷ್ಣಪ್ಪನವರೇ. ನಿಮ್ಮನೇಲಿ, ಬೇಯಿಸ್ಬೇಡಿ. ಕನ್ನಡದಲ್ಲಿ ಬೈಗುಳಗಳಿಗೆ ಬರವಿಲ್ಲ, ಆದರೆ ಇಷ್ಟು ವರ್ಷ 'ನೀನು' ಎಂದವನ ಬಾಯಲ್ಲಿ 'ನೀವು' ಬಂದರೆ ಅದರ ಮುಂದೆ ಬೇರೆ ಬೈಗುಳ ಬೇಕಾಗಿಲ್ಲ. ನಾನೂ ಬಿಡಲಿಲ್ಲ. "ಆಗಲಿ ಪುಟ್ಟಸ್ವಾಮಿಯವರೇ" ಎಂದೆ.

ಜಯಾ ಎಲ್ಲ ಕೇಳಿಸಿಕೊಂಡು, "ಅರ್ಧ ಅರ್ಧ ಮಾಡ್ಕೊಳ್ಳಿ, ನಾನು ಕೊಯ್ದು ಕೊಡ್ತೀನಿ" ಎಂದಳು. ಹೆಂಗಸರಿಗೆ ಇಂಥ ಪರಿಹಾರಗಳು ತಕ್ಷಣ ಹೊಳೆಯುತ್ತವೆ. ಅರ್ಧ ಮೀನು ಹಿಡಿದೆ ಎಂದು ಯಾರ ಮುಂದೆ ಹೇಳಿಕೊಳ್ಳಲಿ? ಫೋನು ಮಾಡಿ ಕೇಳಿದಾಗ ಪುಟ್ಟಸ್ವಾಮಿಯೂ ಒಪ್ಪಲಿಲ್ಲ. ಆಮೇಲೆ ಜಯಾ ಹೊಟ್ಟೆ ಬಗೆದು, ತೊಳೆದು, ಅರಿಸಿನ ಉಪ್ಪು ಸವರಿ, ಇಡೀ ಮೀನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರಿಗೆ ಸೇರಿಸಿದಳು. ಬಾಲವನ್ನು ಮಡಚಿದ ಮೇಲೆಯೇ ಅದರ ಬಾಗಿಲು ಹಾಕಲು ಆದದ್ದು. ಅಲ್ಲಿದ್ದ ಬಟಾಣಿ, ಕಾಯಿತುರಿ, ಐಸಿನ ತಟ್ಟೆ ಎಲ್ಲವೂ ಬೀದಿಗೆ ಬಿದ್ದವು.

ಮುಂದಿನ ವಾರ ಶ್ರಾವಣ ಹಿಡಿಯಿತು. ಶ್ರಾವಣ ಪೂರ್ತಿ ನಮ್ಮ ಮನೆಯಲ್ಲಿ ಮಾಂಸ ಮೀನು ಮುಟ್ಟುವುದಿಲ್ಲ, ಮೊಟ್ಟೆಯೂ ಇಲ್ಲ. ಅಂಥ ಮನೆಯ ಫ್ರೀಜರಿನಲ್ಲಿ ತೋಳುದ್ದದ ಕಾಟ್ಲಾ ಕಣ್ಣು ಬಿಟ್ಟುಕೊಂಡು ಮಲಗಿದೆ. ವರಮಹಾಲಕ್ಷ್ಮಿ ಹಬ್ಬ ಬಂತು. ನೈವೇದ್ಯಕ್ಕೆ ತಂದ ಹಾಲು, ತುಪ್ಪ, ಹೂವುಗಳನ್ನು ಆ ಮೀನಿನ ಕೆಳಗೆ ಇಡುವುದು ಹೇಗೆ? ಜಯಾ ಅವನ್ನೆಲ್ಲ ಹೊತ್ತುಕೊಂಡು ಮಹಡಿಯ ಮೇಲಿನ ಮನೆಗೆ ಹೋದಳು. ಅಲ್ಲಿರುವವರು ದಾವಣಗೆರೆ ಕಡೆಯವರು, ಈರುಳ್ಳಿ ಹೆಚ್ಚಿದ ಚಾಕುವನ್ನೂ ಎರಡು ಸಲ ತೊಳೆಯುವ ಆಂಟಿ. ಅವರ ಮುಂದೆ ಮೀನಿನ ಮಾತೆತ್ತಲಾಗದೆ ಜಯಾ, "ನಮ್ಮ ಫ್ರಿಜ್ ಕೆಟ್ಟಿದೆ ಆಂಟಿ" ಎಂದುಬಿಟ್ಟಳು. ಆಂಟಿಯದು ಒಳ್ಳೆಯ ಮನಸ್ಸು. ಸಂಜೆಯೊಳಗೆ ತಮಗೆ ಗೊತ್ತಿದ್ದ ರಿಪೇರಿಯವರನ್ನು ಕಳಿಸಿಕೊಟ್ಟರು, ಜೊತೆಗೆ ತಾವೂ ಇಳಿದು ಬಂದರು. ರಿಪೇರಿಯವರು ಫ್ರೀಜರಿನ ಬಾಗಿಲು ತೆಗೆದರು. ಮಂಜಿನ ಹೊಗೆಯ ನಡುವಿನಿಂದ ಕಾಟ್ಲಾ ನಮ್ಮೆಲ್ಲರನ್ನೂ ನೋಡಿತು.

"ಫ್ರಿಜ್ ಚೆನ್ನಾಗೇ ಇದೆ ಸಾರ್" ಎಂದರು ರಿಪೇರಿಯವರು. "ಮೀನೇ ಸ್ವಲ್ಪ ಹಳೇದಾಗಿದೆ."

ಆಂಟಿ ಮೆಟ್ಟಿಲು ಹತ್ತಿ ಹೋಗಿ ನಮ್ಮ ಹಾಲು, ತುಪ್ಪ, ಹೂವುಗಳನ್ನು ತಂದು ಹೊಸ್ತಿಲಲ್ಲಿ ಇಟ್ಟು ಹೋದರು. ಆ ವರ್ಷ ಲಕ್ಷ್ಮಿ ನಮ್ಮ ಮನೆಗೆ ಬಂದಳೋ ಇಲ್ಲವೋ ಜಯಾ ಇಂದಿಗೂ ಅನುಮಾನ ಪಡುತ್ತಾಳೆ.

ಆಫೀಸಿನಲ್ಲಿ ಪುಟ್ಟಸ್ವಾಮಿ ಡಬ್ಬಿ ತೆಗೆದುಕೊಂಡು ಕಿಟಕಿಯ ಹತ್ತಿರದ ಮೇಜಿಗೆ ಹೋಗಿ ಒಬ್ಬನೇ ಕೂರತೊಡಗಿದ. ನಾನು ನನ್ನ ಮೇಜಿನಲ್ಲಿ ಒಬ್ಬನೇ. ಅವನ ಹೆಂಡತಿ ಗಿರಿಜಾ ಮಾಡುವ ಹುರುಳಿಕಾಳು ಬಸ್ಸಾರಿನ ವಾಸನೆ ಆ ಕಿಟಕಿಯಿಂದ ನನ್ನವರೆಗೆ ಬರುತ್ತಿತ್ತು. ನನ್ನ ಮಜ್ಜಿಗೆ ಮೆಣಸಿನಕಾಯಿಗೆ ಅವನು ಎಷ್ಟು ಆಸೆ ಪಡುತ್ತಾನೆಂದು ನನಗೆ ಗೊತ್ತು. ಒಂದು ದಿನ ಬೇಕೆಂದೇ ಜೋರಾಗಿ ಕಡಿದು ಸದ್ದು ಮಾಡಿದೆ. ಅವನು ತಿರುಗಿ ನೋಡಲಿಲ್ಲ. ಕಣ್ಣಲ್ಲಿ ನೀರು ಬಂದದ್ದು ನನಗೇ, ಖಾರಕ್ಕೆ. ಆಫೀಸಿನಲ್ಲಿ ಎಲ್ಲರಿಗೂ ವಿಷಯ ಗೊತ್ತಾಗಿತ್ತು. ತುಟಿಯಲ್ಲಿದ್ದ ಗಾಳವೇ ಮುಖ್ಯ ಎನ್ನುವವರು ಕೆಲವರು, ದಡಕ್ಕೆ ತಂದವನೇ ಮುಖ್ಯ ಎನ್ನುವವರು ಕೆಲವರು. ಈ ವಿಚಾರದಲ್ಲಿ ಯಾರ ಹೆಂಡತಿ ಯಾರ ಜೊತೆ ಮಾತು ಬಿಟ್ಟಿದ್ದಾಳೆ ಎಂದು ಕೇಳಿದವರಿಗೆ ಮಾತ್ರ ನಿರಾಸೆ. ಜಯಾ ಮತ್ತು ಗಿರಿಜಾ ದಿನಾ ಸಂಜೆ ಮೊದಲಿನ ಹಾಗೇ ಫೋನಿನಲ್ಲಿ ಹರಟುತ್ತಿದ್ದರು. ಅವರ ನಗು ಕೇಳಿದಾಗಲೆಲ್ಲ ಅದು ನನ್ನ ಕುರಿತೇ ಎಂದು ನನಗೆ ಖಾತ್ರಿಯಾಗಿ ತಿಳಿಯುತ್ತಿತ್ತು.

ಗಣೇಶನನ್ನು ನೀರಿಗೆ ಬಿಟ್ಟ ಮೇಲಿನ ಭಾನುವಾರ ನಾನು ಒಬ್ಬನೇ ಕೆರೆಗೆ ಹೋದೆ. ಪುಟ್ಟಸ್ವಾಮಿ ಇಲ್ಲದೆಯೂ ಮೀನು ಹಿಡಿಯಬಲ್ಲೆ ಎಂದು ಯಾರಿಗೆ ತೋರಿಸಬೇಕಿತ್ತೋ ಗೊತ್ತಿಲ್ಲ, ದಂಡೆಯಲ್ಲಿ ಯಾರೂ ಇರಲಿಲ್ಲ. ಜಾಲಿಮರದಡಿ ಕೂತು ಚೀಲ ಬಿಚ್ಚಿದೆ. ದಾರಕ್ಕೆ ಗಾಳವಿರಲಿಲ್ಲ, ಅವನು ಹಲ್ಲಿನಲ್ಲಿ ಕಡಿದ ತುದಿ ಹಾಗೇ ಇತ್ತು. ಕನ್ನಡಕ ಒರೆಸಿಕೊಂಡು ಹೊಸ ಗಾಳ ಪೋಣಿಸಲು ಕೂತೆ. ದಾರ ಗಾಳದ ಕಣ್ಣಿನೊಳಗೆ ಹೋಗದು. ಹೋದರೆ ಗಂಟು ನಿಲ್ಲದು. ಗಂಟು ನಿಂತಿತು ಅನ್ನುವಷ್ಟರಲ್ಲಿ ಗಾಳ ನನ್ನ ಹೆಬ್ಬೆರಳನ್ನೇ ಹಿಡಿಯಿತು. ಬಿಸಿಲೇರುವವರೆಗೂ ಅದೇ ಕೆಲಸ. ಕೊನೆಗೆ ಗಾಳವಿಲ್ಲದ ಬರೀ ದಾರವನ್ನು ನೀರಿಗೆ ಬಿಟ್ಟು ಕೂತೆ. ಮೀನು ಬರುವ ಸಾಧ್ಯತೆಯ ದೃಷ್ಟಿಯಿಂದ ನೋಡಿದರೆ ಹೆಚ್ಚಿನ ವ್ಯತ್ಯಾಸವೇನೂ ಕಾಣಲಿಲ್ಲ. ಆದರೆ ಮಾತಾಡಬೇಡ ಎಂದು ಹೇಳುವವರು ಯಾರೂ ಇರಲಿಲ್ಲವಲ್ಲ, ಆ ಮೌನವನ್ನು ಮಾತ್ರ ಕೂತು ಸಹಿಸಲಾಗಲಿಲ್ಲ. ಹಿಟ್ಟಿನುಂಡೆಗಳನ್ನೆಲ್ಲ ನೀರಿಗೆ ಎಸೆದು ಎದ್ದು ಬಂದೆ.

ಮನೆಗೆ ಬಂದು ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಾಗ ಜಯಾ ಬಂದು ಎದುರಿಗೆ ಕೂತಳು.

"ಪುಟ್ಟಸ್ವಾಮಣ್ಣ ಆ ಮೀನಿಗ್ಯಾಕೆ ಅಷ್ಟು ಹಟ ಹಿಡಿದಿದಾರೆ ಅಂತ ಗೊತ್ತೇನ್ರೀ ನಿಮಗೆ?"

"ಅವನ ಸ್ವಭಾವ."

"ಅವರಪ್ಪ ಹಾಸಿಗೆ ಹಿಡಿದಿದ್ದಾಗ ಕೇಳಿದ್ರಂತೆ. ಅಂಗಡಿ ಮೀನು ಬ್ಯಾಡ ಕಣೋ, ಕೆರೆಗೋಗಿ ನಿನ್ ಕೈಯಾರೆ ಒಂದು ಹಿಡ್ಕೊಂಬಾ ಅಂತ. ಆಸ್ಪತ್ರೆ ಓಡಾಟದಲ್ಲಿ ಆಗ್ಲೇ ಇಲ್ವಂತೆ. ವರ್ಷ ತುಂಬಿ ಅವರು ಹಿರಿಯರ ಸಾಲಿಗೆ ಸೇರಿದ ಮೇಲೆ ಇದೇ ಮೊದಲ್ನೇ ಪಕ್ಷ. ಎಡೆಗೆ ಅದನ್ನ ಇಡ್ಬೇಕು ಅಂತಿದ್ರಂತೆ. ಗಿರಿಜಾ ಇವತ್ತು ಹೇಳಿದ್ಲು."

"ಬಾಯಿಬಿಟ್ಟು ಹೇಳಬಹುದಿತ್ತಲ್ಲ, ಕೊಟ್ಟುಬಿಡ್ತಿದ್ದೆ" ಎಂದೆ.

"ಅದಕ್ಕೇ ಹೇಳ್ಲಿಲ್ವಂತೆ. ಕೊಟ್ಟ ಮೀನು ಬೇಡವಂತೆ ಅವರಿಗೆ. ತಾನು ಹಿಡಿದದ್ದು ಆಗ್ಬೇಕಂತೆ."

ಮಣ್ಣಿಗೆ ಹೋಗಿ ಬಂದವನು ನಾನು. ಪಕ್ಷ ಬರುತ್ತದೆ ಎಂದು ಕ್ಯಾಲೆಂಡರಿನಲ್ಲಿ ದಿನಾ ನೋಡುವವನು ನಾನು. ಇಷ್ಟು ತಿಂಗಳು ಪಕ್ಕದ ಮೇಜಿನಲ್ಲಿ ಕೂತವನಿಗೆ ಇದು ಹೊಳೆಯಲಿಲ್ಲ. ಬೀದಿಯ ಜನರ ಎದುರು ತಲೆ ಎತ್ತಿ ನಡೆಯಬೇಕೆಂದು ನಾನು ಒಬ್ಬ ಸತ್ತ ಮನುಷ್ಯನ ಊಟವನ್ನು ಮಂಜುಗಡ್ಡೆಯಲ್ಲಿ ಬಚ್ಚಿಟ್ಟುಕೊಂಡಿದ್ದೆ. ಆವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಮೀನನ್ನು ಫ್ರೀಜರಿನಿಂದ ಬಿಡಿಸಿದೆವು. ಹಲಗೆಯ ಹಾಗೆ ಸೆಟೆದುಕೊಂಡಿತ್ತು. ಟವೆಲ್ಲಿನಲ್ಲಿ ಸುತ್ತಿ ಸ್ಕೂಟರಿನ ಮುಂದೆ ಕಾಲ ಬುಡದಲ್ಲಿ ಅಡ್ಡಡ್ಡ ಇಟ್ಟುಕೊಂಡೆ. ಜಯಾ ಹಿಂದೆ ಕೂತಳು. ಮೈಸೂರು ರಸ್ತೆಗೆ ಬರುವಷ್ಟರಲ್ಲಿ ಅದು ಕರಗತೊಡಗಿತ್ತು. ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವರು ಬಗ್ಗಿ ನೋಡಿ, "ಸಾರ್, ಗಾಡಿ ಸೋರ್ತಾ ಇದೆ" ಎಂದರು. "ಗಾಡಿಯಲ್ಲ, ಮೀನು" ಎಂದೆ. ಅವರು ಆಟೋವನ್ನು ಸ್ವಲ್ಪ ದೂರ ಸರಿಸಿಕೊಂಡರು. ಅಲ್ಲಿ ವೃಷಭಾವತಿಯ ವಾಸನೆ ಎಷ್ಟಿತ್ತೆಂದರೆ ನನ್ನ ಮೀನಿನ ಮೇಲೆ ಯಾರಿಗೂ ಅನುಮಾನ ಬರುವಂತಿರಲಿಲ್ಲ.

ಪುಟ್ಟಸ್ವಾಮಿ ಬಾಗಿಲು ತೆಗೆದ. ಪಂಚೆ ಉಟ್ಟು, ಮಿಂದು, ಎಡೆಗೆ ಅಣಿ ಮಾಡುತ್ತಿದ್ದ. ನನ್ನನ್ನು ನೋಡಿದ, ಟವೆಲ್ಲನ್ನು ನೋಡಿದ. "ಬನ್ನಿ" ಎಂದ.

"ಮೀನು ನಿಂದು ಕಣೋ" ಎಂದೆ ನಾನು.

"ಯಾರ್ ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಕೂತು ಯೋಚನೆ ಮಾಡ್ದೆ. ಬಾಯಲ್ಲಿದ್ದದ್ದು ನಿನ್ ಗಾಳ. ನಂದು ರೆಕ್ಕೇಲಿತ್ತು."

ಅವನು ನನ್ನ ಮುಖವನ್ನೇ ನೋಡಿದ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ ಗಿರಿಜಾಳನ್ನೂ ಒಮ್ಮೆ ತಿರುಗಿ ನೋಡಿದ. ಅವಳು ಜಯಾಳ ಕೈಹಿಡಿದು ಒಳಗೆ ಕರೆದುಕೊಂಡು ಹೋದಳು. ಪುಟ್ಟಸ್ವಾಮಿ ಟವೆಲ್ಲನ್ನು ಎರಡೂ ಕೈಯಲ್ಲಿ ಈಸಿಕೊಂಡ.

ಹೆಂಗಸರಿಬ್ಬರೂ ಸೇರಿ ಹುಣಸೆಹುಳಿ ಜಾಸ್ತಿ ಹಾಕಿ ಸಾರು ಮಾಡಿದರು. ಪಟದ ಮುಂದೆ ಎಡೆ ಬಿತ್ತು. ಹೊಸ ಪಂಚೆ, ಬೀಡಿ ಕಟ್ಟು, ಮುದ್ದೆ, ಕೋಳಿ, ವಡೆ, ನಡುವೆ ದೊಡ್ಡ ತುಂಡು ಮೀನು. ಧೂಪ ಹಾಕಿ ಬಾಗಿಲು ಮುಂದೆ ಮಾಡಿ, ಹಿರಿಯರು ಉಣ್ಣಲೆಂದು ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಂತೆವು. ಸಂಜೆ ಬಿಸಿಲು ಇಳಿಯುವ ಮುಂಚೆ ಕಾಗೆಗೆಂದು ಒಂದು ಎಲೆ ಕಟ್ಟಿ ಪುಟ್ಟಸ್ವಾಮಿ ತಾರಸಿಗೆ ಹೋದ. ಹಿಂದೆ ನಾನು. ಅಮಾವಾಸ್ಯೆಯ ದಿನ ಕೆಂಗೇರಿಯ ಕಾಗೆಗಳಿಗೆ ಮನೆಮನೆಯಲ್ಲೂ ಊಟ, ಕರೆದರೆ ಬರುವ ಆತುರದಲ್ಲಿ ಅವು ಇರುವುದಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಬಂದು ಕೂತಿತು. ವಡೆ ಮುರಿದು ತಿಂದಿತು. ಕೋಳಿ ತಿಂದಿತು. ಮೀನಿನ ತುಂಡನ್ನು ಕೊಕ್ಕಿನಲ್ಲಿ ಎತ್ತಿ, ತಲೆ ವಾರೆ ಮಾಡಿ ನೋಡಿ, ಎಲೆಯ ಆಚೆ ಹಾಕಿ ಹಾರಿಹೋಯಿತು.

ಪುಟ್ಟಸ್ವಾಮಿ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟ.

"ಅಪ್ಪಂಗೆ ಗೊತ್ತಾಗೋಯ್ತು ಕಣೋ ಕಿಟ್ಟಿ" ಎಂದ. "ಇದು ನಾನು ಹಿಡಿದಿದ್ದಲ್ಲ. ನಿಂದೇ."

ಇಷ್ಟು ವಾರ ನಾನು ಕಾದದ್ದು ಈ ಒಂದು ಮಾತಿಗೆ. ಅವನ ಕಣ್ಣು ಆ ತುಂಡಿನ ಮೇಲೇ ಇತ್ತು.

"ಕಾಗೆಗೇನು ಗೊತ್ತೋ" ಎಂದೆ. "ನಿಂದೇ ಮೀನು. ನಾನು ಕಣ್ಣಾರೆ ನೋಡಿದೀನಿ."

"ಎರಡೂ ಗಾಳ ಒಂದೇ ಥರ ಇತ್ತು. ಹೆಂಗೆ ನೋಡ್ದೆ?"

"ನಿನ್ ಗಾಳಕ್ಕೆ ನೀನು ಒಂದು ಸುತ್ತು ಜಾಸ್ತಿ ಹಾಕ್ತೀಯ. ಬಾಯಲ್ಲಿದ್ದದ್ದಕ್ಕೆ ಆ ಸುತ್ತು ಇತ್ತು."

ಅವನು ಯೋಚಿಸಿದ. "ಹಾಕ್ತೀನಾ?"

"ಯಾವಾಗ್ಲೂ ಹಾಕ್ತೀಯ. ನಿನಗೇ ಗೊತ್ತಿಲ್ಲ."

ಆ ಸುತ್ತನ್ನು ನಾನು ಆ ಕ್ಷಣದಲ್ಲಿ ಸುತ್ತಿದ್ದು. ನನ್ನ ಕಣ್ಣಿಗೆ ಗಾಳವೇ ಸರಿಯಾಗಿ ಕಾಣುವುದಿಲ್ಲ, ಸುತ್ತು ಎಲ್ಲಿಂದ ಕಂಡೀತು? ಆದರೂ ನಿಲ್ಲಿಸಲಿಲ್ಲ. ಅವನ ಬೆಂಡು ಹೇಗೆ ಮೊದಲು ಮುಳುಗಿತು, ನಾನು ಅದನ್ನು ನೋಡಿ ಹೇಗೆ ಹೊಟ್ಟೆಕಿಚ್ಚಿನಿಂದ ಎಳೆದೆ, ಮೀನಿನ ಮೇಲೆ ಬಿದ್ದದ್ದು ಬೇಕೆಂದಲ್ಲ, ಕಾಲು ಜಾರಿ, ಹೀಗೆ ನನ್ನ ವಿರುದ್ಧ ನಾನೇ ಒಂದೊಂದೇ ಸಾಕ್ಷಿ ತಂದು ನಿಲ್ಲಿಸಿದೆ. ಅವನು ಒಪ್ಪದೆ ಎದುರುವಾದ ಹೂಡಿದ. ನಮ್ಮ ದನಿ ಏರಿತು. "ನಿಂದೇ" "ನಿಂದೇ" ಎಂಬುದು ಕೇಳಿ ಹೆಂಗಸರಿಬ್ಬರೂ ಮೇಲೆ ಓಡಿಬಂದರು.

"ಮತ್ತೆ ಶುರು ಮಾಡಿದ್ರಾ?" ಎಂದಳು ಗಿರಿಜಾ.

ಕಾಗೆಯ ವಿಷಯ ತಿಳಿದ ಜಯಾ ಆ ತುಂಡನ್ನು ನೋಡಿ, "ಆಷಾಢದ ಮೀನು ಅಣ್ಣ. ನಾನೇ ತಿನ್ನಲ್ಲ, ಕಾಗೆ ಯಾಕೆ ತಿನ್ನುತ್ತೆ?" ಎಂದಳು.

ಪುಟ್ಟಸ್ವಾಮಿಯ ಮುಖದಲ್ಲಿ ಏನೋ ಸಡಿಲಾಯಿತು. ಕೆಳಗೆ ಬಂದು ಪಟದ ಮುಂದಿನ ಎಡೆಯನ್ನು ಎಳೆದುಕೊಂಡು ಕೂತ. ಮೊದಲು ಮುರಿದದ್ದೇ ಮೀನು. ಬಹಳ ಹೊತ್ತು ಅಗಿದ. "ಸಾರು ಚೆನ್ನಾಗಿದೆ. ಮೀನು ಹತ್ತಿ ಥರ ಇದೆ. ಅಪ್ಪ ಇದ್ದಿದ್ರೆ ಉಗೀತಿತ್ತು" ಎಂದ. ಆಮೇಲೆ ನನ್ನ ಎಲೆಗೂ ಒಂದು ತುಂಡು ಹಾಕಿ, "ತಿನ್ನೋ" ಎಂದ. ತಿಂದೆ. ಹತ್ತಿಯೇ.

ಈಗ ಡಬ್ಬಿ ಮತ್ತೆ ಒಟ್ಟಿಗೇ ಬಿಚ್ಚುತ್ತೇವೆ. ಭಾನುವಾರ ಕೆರೆಗೂ ಹೋಗುತ್ತೇವೆ, ಬರಿಗೈಯಲ್ಲೂ ಬರುತ್ತೇವೆ. ಮೊನ್ನೆ ನಮ್ಮ ದಂಡೆಗೆ ಹೆಗ್ಗನಹಳ್ಳಿಯ ಕಡೆಯವರು ಒಬ್ಬರು ಹೊಸದಾಗಿ ಕೋಲು ಕೊಂಡು ಬಂದಿದ್ದರು. ಇಲ್ಲಿ ಏನಾದರೂ ಸಿಗುತ್ತದೆಯೇ, ಹೇಗೆ ಹಿಡಿಯಬೇಕು ಎಂದು ಕೇಳಿದರು. ನಾನು ಗಾಳಿಯ ದಿಕ್ಕಿನಿಂದ ಶುರುಮಾಡೋಣವೆಂದು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಪುಟ್ಟಸ್ವಾಮಿ ತನ್ನ ಕಾಟ್ಲಾದ ಕಥೆ ತೆಗೆದ. ಬೆಂಡು ಮುಳುಗಿದ್ದು, ಕೋಲು ಬಗ್ಗಿದ್ದು, ಗಾಳಕ್ಕೆ ತಾನು ಯಾವಾಗಲೂ ಹಾಕುವ ಆ ಹೆಚ್ಚಿನ ಸುತ್ತು, ಎಲ್ಲವೂ ಬಂತು. ಈಚೆಗೆ ಆ ಮೀನು ತೋಳಿನಿಂದ ಬೆಳೆದು ಸೊಂಟದವರೆಗೆ ಬಂದಿದೆ. ಹೊಸಬರು ನಂಬಲಾರದೆ ನನ್ನ ಕಡೆ ತಿರುಗಿದರು. "ಅಷ್ಟುದ್ದ ಇತ್ತಾ ಸಾರ್?" ಎಂದು ಕೇಳಿದರು.

"ಇತ್ತು" ಎಂದೆ, ಕೈ ಅಗಲಿಸಿ ತೋರಿಸಿದೆ. ಅಳತೆ ಸ್ವಲ್ಪ ಕಮ್ಮಿಯಾಯಿತೆಂದು ಪುಟ್ಟಸ್ವಾಮಿ ನನ್ನ ಮೊಣಕೈ ಹಿಡಿದು ಇನ್ನೊಂದಿಷ್ಟು ಅಗಲಿಸಿದ.

"ಇವರೂ ಆವತ್ತು ಪಕ್ಕದಲ್ಲೇ ಕೂತಿದ್ರು ಪಾಪ" ಎಂದ ಹೊಸಬರಿಗೆ. "ಇವರಿಗೆ ಮಾತ್ರ ಇವತ್ತಿನವರೆಗೂ ಒಂದೂ ಸಿಕ್ಕಿಲ್ಲ."

ಹೊಸಬರು ನನ್ನ ಮುಖ ನೋಡಿ, ಮೆಲ್ಲಗೆ ತಲೆಯಾಡಿಸಿದರು.